ಏಳು ವರ್ಷದ ಗಡುವು, ಸವೆಯುವ ಚಿಪ್: ರಸ್ತೆ ಸಾರಿಗೆ ಸಚಿವಾಲಯಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು ಮತ್ತು ಅಧಿಕಾರಿಗಳು,
ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ನವದೆಹಲಿ

ಮಾನ್ಯರೇ,

ನಿಮ್ಮ ವಾಹನ ರೀಕಾಲ್ ನಿಯಮದಲ್ಲಿ, ಅಂದರೆ ದೋಷವಿರುವ ಗಾಡಿಗಳನ್ನು ಕಂಪನಿ ವಾಪಸ್ ಕರೆಸಿ ಸರಿಮಾಡಿಕೊಡಬೇಕು ಎನ್ನುವ ನಿಯಮದಲ್ಲಿ, ಒಂದು ಸಾಲಿದೆ. ತಯಾರಾಗಿ ಏಳು ವರ್ಷ ತುಂಬದ ಗಾಡಿಗಳಿಗೆ ಮಾತ್ರ ಈ ನಿಯಮ ಎನ್ನುವ ಸಾಲು. 2021ರ ಮಾರ್ಚ್‌ನಲ್ಲಿ ಸಚಿವಾಲಯ ಹೊರಡಿಸಿತು, ಏಪ್ರಿಲ್ 1ರಿಂದ ಜಾರಿಗೆ ಬಂತು. ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗಿನ ವಿಷಯದಲ್ಲಿ ಏಳು ವರ್ಷ ಸಾಕೋ ಸಾಲದೋ, ಅದನ್ನು ಬಲ್ಲವರು ಹೇಳಲಿ. ನಾನು ಬರೆಯುತ್ತಿರುವುದು ಎಲೆಕ್ಟ್ರಿಕ್ ಕಾರಿನ ಟಚ್‌ಸ್ಕ್ರೀನ್ ಹಿಂದೆ ಕೂತಿರುವ ಕಂಪ್ಯೂಟರಿನ ಬಗ್ಗೆ. ಅದರೊಳಗಿನ ಮೆಮೊರಿ ಚಿಪ್ ಬಳಸಿದಷ್ಟೂ ಸವೆಯುತ್ತದೆ. ಕೆಲವೇ ವರ್ಷಕ್ಕೆ ಕೈಕೊಡಲು ಶುರು ಮಾಡಿ, ವರ್ಷ ಕಳೆದಂತೆ ಸಾಲುಸಾಲಾಗಿ ಸತ್ತ ಉದಾಹರಣೆ ಕಣ್ಣೆದುರಿಗಿದೆ. ಕಾಯಿಲೆ ಜೋರಾಗುವ ಹೊತ್ತಿಗೆ ನಿಮ್ಮ ನಿಯಮದ ಬಾಗಿಲು ಮುಚ್ಚಿರುತ್ತದೆ.

ನಾನು ಬೆಂಗಳೂರಿನಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ ಮಾಡುವವನು. ಇಂಥ ಬೋರ್ಡುಗಳ ಮೇಲೆ ಓಡುವ ಪ್ರೋಗ್ರಾಂ ಬರೆಯುವುದೇ ಹೊಟ್ಟೆಪಾಡು. ಯಾವ ಕಾರು ಕಂಪನಿಯ ಪರವಾಗಿಯೂ ಬರೆಯುತ್ತಿಲ್ಲ, ಯಾರ ಮೇಲೂ ಹಗೆ ಇಟ್ಟುಕೊಂಡೂ ಬರೆಯುತ್ತಿಲ್ಲ. ಅಮೆರಿಕದಲ್ಲಿ ಇದೇ ಸಮಸ್ಯೆ ಸರ್ಕಾರಿ ಕಡತ ಹತ್ತಿ, ರೀಕಾಲ್‌ವರೆಗೂ ಹೋಗಿದೆ. ಅಂಕಿಅಂಶಗಳೆಲ್ಲ ದಾಖಲೆಯಲ್ಲಿವೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಟೆಸ್ಲಾ ಕಂಪನಿ ಮಾಡೆಲ್ ಎಸ್ ಕಾರನ್ನು ಗಿರಾಕಿಗಳ ಕೈಗೆ ಕೊಡಲು ಶುರು ಮಾಡಿದ್ದು 2012ರ ಜೂನ್‌ನಲ್ಲಿ. ಡ್ಯಾಶ್‌ಬೋರ್ಡಿನ ನಡುವೆ 17 ಇಂಚಿನ ಸ್ಕ್ರೀನು. ಗುಂಡಿಗಳು ಲೆಕ್ಕಕ್ಕಿಲ್ಲ ಎನ್ನುವಷ್ಟು ಕಡಿಮೆ. ಎಸಿ, ಹಿಂಬದಿಯ ಕ್ಯಾಮೆರಾ, ಗಾಜಿನ ಮಂಜು ತೆಗೆಯುವುದು, ಎಲ್ಲದಕ್ಕೂ ಆ ಸ್ಕ್ರೀನೇ ಗತಿ. ಅದರ ಹಿಂದೆ ಎನ್ವಿಡಿಯಾದ ಟೆಗ್ರಾ 3 ಪ್ರೊಸೆಸರು, ಅದರ ಮೇಲೆ ಲಿನಕ್ಸ್, ಪಕ್ಕದಲ್ಲಿ 8 ಜಿಬಿಯ ಒಂದು ಇಎಂಎಂಸಿ ಚಿಪ್. ಇಎಂಎಂಸಿ ಎಂದರೆ ಬೋರ್ಡಿಗೇ ಬೆಸೆದುಬಿಟ್ಟ ಫ್ಲ್ಯಾಶ್ ಮೆಮೊರಿ. ಹಳೆಯ ಸ್ಮಾರ್ಟ್‌ಫೋನುಗಳಲ್ಲಿ ಇದ್ದದ್ದೂ ಅದೇ ಜಾತಿ. ಆಮೇಲೆ ಬಂದ ಮಾಡೆಲ್ ಎಕ್ಸ್‌ಗೂ ಅದೇ ಕಂಪ್ಯೂಟರ್ ಹಾಕಿದರು. 2018ರ ಮಾರ್ಚ್‌ಗೆ ಮುಂಚೆ ತಯಾರಾದ ಈ ಎರಡೂ ಕಾರುಗಳಲ್ಲಿ ಇದ್ದದ್ದು ಆ ಚಿಪ್ಪೇ.

ಈ ಚಿಪ್ ಯಾಕೆ ಸವೆಯುತ್ತದೆ? ಫ್ಲ್ಯಾಶ್‌ನಲ್ಲಿ ಮಾಹಿತಿ ಉಳಿಯುವುದು ಎಲೆಕ್ಟ್ರಾನ್‌ಗಳ ರೂಪದಲ್ಲಿ. ತೀರಾ ತೆಳುವಾದ ಆಕ್ಸೈಡ್ ಪದರದ ಆಚೆ ಅವುಗಳನ್ನು ಕೂಡಿಹಾಕಿರುತ್ತಾರೆ. ಬರೆಯಬೇಕಾದಾಗ ಹೆಚ್ಚು ವೋಲ್ಟೇಜ್ ಕೊಟ್ಟು ಆ ಪದರದ ಮೂಲಕ ಒಳಗೆ ನೂಕಬೇಕು. ಅಳಿಸಬೇಕಾದಾಗ ಅದೇ ದಾರಿಯಲ್ಲಿ ಹೊರಗೆಳೆಯಬೇಕು. ಪ್ರತಿ ಸಲವೂ ಪದರಕ್ಕೆ ಚೂರುಚೂರೇ ಪೆಟ್ಟು ಬೀಳುತ್ತದೆ. ಟೆಸ್ಲಾದಲ್ಲಿದ್ದ ಚಿಪ್‌ಗೆ ಲೆಕ್ಕ ಹಾಕಿದ್ದ ಆಯುಸ್ಸು ಸುಮಾರು 3,000 ಸಲ ಅಳಿಸಿ ಬರೆಯುವಷ್ಟು. ಅದು ದಾಟಿದ ಮೇಲೆ ಕೋಶಗಳು ಮಾಹಿತಿಯನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದೊಂದೇ ಬ್ಲಾಕ್, ಅಂದರೆ ಒಟ್ಟಿಗೆ ಅಳಿಸುವ ಕೋಶಗಳ ಗುಂಪು, ಕೆಡುತ್ತದೆ. ಮೀಸಲಿಟ್ಟ ಬ್ಲಾಕುಗಳೂ ಮುಗಿಯುತ್ತವೆ. ಕೊನೆಗೆ ಕಂಪ್ಯೂಟರ್ ಬೂಟ್ ಆಗುವುದೇ ಇಲ್ಲ.

ಓದುವುದರಿಂದ ಹೇಳಿಕೊಳ್ಳುವಂಥ ಸವೆತ ಇಲ್ಲ. ಹಾಡು ಕೇಳಿದರೆ, ಮ್ಯಾಪ್ ನೋಡಿದರೆ ಚಿಪ್ ಸಾಯುವುದಿಲ್ಲ. ಸಾಯುವುದು ಬರೆಯುವುದರಿಂದ. ಈ ಕಾರುಗಳಲ್ಲಿ ಬೇಡದೆ ಬರೆಯುತ್ತಿದ್ದದ್ದು ಲಾಗ್‌ಗಳು.

ಲಾಗ್ ಎಂದರೆ ಕಂಪ್ಯೂಟರ್ ತನಗೆ ತಾನೇ ಬರೆದುಕೊಳ್ಳುವ ದಿನಚರಿ. ಈ ಕ್ಷಣ ವೈಫೈ ಹೋಯಿತು, ಈ ಕ್ಷಣ ಬಂತು, ಈ ಪ್ರೋಗ್ರಾಂ ಎದ್ದಿತು, ಆ ಸೆನ್ಸರ್ ಉತ್ತರ ಕೊಡಲಿಲ್ಲ, ಹೀಗೆ. ಕಾರು ಅಭಿವೃದ್ಧಿ ಹಂತದಲ್ಲಿದ್ದಾಗ ನಮ್ಮಂಥವರಿಗೆ ಇದು ಬೇಕೇ ಬೇಕು. ತೊಂದರೆ ಏನೆಂದರೆ, ಡೀಬಗ್ ಮಾಡಲು, ಅಂದರೆ ಪ್ರೋಗ್ರಾಂನ ತಪ್ಪು ಹುಡುಕಲು, ಹೆಚ್ಚಿಸಿದ ಲಾಗನ್ನು ಬಿಡುಗಡೆಗೆ ಮುಂಚೆ ಇಳಿಸುವ ಕೆಲಸ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಇಳಿಸದಿದ್ದರೆ ಆ ದಿನ ಏನೂ ಕೆಡುವುದಿಲ್ಲವಲ್ಲ! ಕೆಡುವುದು ಆರು ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಬರೆದವನು ಬೇರೆ ಕಂಪನಿ ಸೇರಿರುತ್ತಾನೆ.

ಒಂದು ಸಣ್ಣ ಲೆಕ್ಕ ಮಾಡಿ ತೋರಿಸುತ್ತೇನೆ. ಇದು ಯಾವುದೇ ಒಂದು ಕಾರಿನ ಲೆಕ್ಕವಲ್ಲ, ಸುಮ್ನೆ ಅಂದಾಜು. ಒಂದು ಲಾಗ್ ಸಾಲು 100 ಬೈಟ್ ಎಂದುಕೊಳ್ಳಿ. ಸೆಕೆಂಡಿಗೆ ಒಂದು ಸಾಲು. ದಿನಕ್ಕೆ 86,400 ಸೆಕೆಂಡ್. ಒಟ್ಟು 8.6 ಎಂಬಿ. ಎರಡು ಮೂರು ಫೋಟೋಗಳಷ್ಟು ಆಯಿತು, ಅಷ್ಟೇ ಅಲ್ವಾ? ಅಲ್ಲ. ಫ್ಲ್ಯಾಶ್‌ಗೆ 100 ಬೈಟ್ ಬರೆಯಲು ಬರುವುದಿಲ್ಲ. ಒಂದು ಪೇಜ್, ಅಂದರೆ ಚಿಪ್ ಒಂದು ಸಲಕ್ಕೆ ಬರೆಯುವ ಅಳತೆ, ಪೂರ್ತಿ ಬರೆಯಬೇಕು. ಪೇಜ್ 16 ಕೆಬಿ ಇದ್ದು, ಪ್ರತಿ ಸಾಲನ್ನೂ ಆಗಿಂದಾಗಲೇ ಚಿಪ್‌ಗೆ ಇಳಿಸು ಎಂದು ಪ್ರೋಗ್ರಾಂ ಹಟ ಹಿಡಿದರೆ, ಅದೇ 8.6 ಎಂಬಿ ಹೋಗಿ ದಿನಕ್ಕೆ ಸುಮಾರು 1.4 ಜಿಬಿ ಆಗುತ್ತದೆ. ಇದರ ಮೇಲೆ, ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ ಏನೇನು ಬದಲಾಯಿತು ಎನ್ನುವ ತನ್ನದೇ ಜರ್ನಲ್ ಬರೆದುಕೊಳ್ಳುತ್ತದೆ. ಅಳಿಸುವಾಗ ಪೇಜ್ ಅಲ್ಲ, ನೂರಾರು ಪೇಜ್‌ಗಳ ಬ್ಲಾಕನ್ನೇ ಅಳಿಸಬೇಕು. ಹಾಗಾಗಿ ಆ ಬ್ಲಾಕಿನಲ್ಲಿ ಉಳಿಸಬೇಕಾದ್ದನ್ನು ಬೇರೆ ಕಡೆ ಮತ್ತೆ ಬರೆಯಬೇಕು. ಚಿಪ್ ತುಂಬಿದಷ್ಟೂ ಈ ಎತ್ತಿಡುವ ಕೆಲಸ ಜಾಸ್ತಿ. ವರ್ಷ ವರ್ಷ ಬರುವ ಅಪ್‌ಡೇಟುಗಳು ದಪ್ಪವಾಗುತ್ತಾ ಹೋದ ಹಾಗೆ 8 ಜಿಬಿಯಲ್ಲಿ ಖಾಲಿ ಜಾಗ ಎಷ್ಟು ಉಳಿದೀತು, ನೀವೇ ಹೇಳಿ.

ಕೊನೆಗೆ ಟೆಸ್ಲಾ ತಾನೇ ಅಮೆರಿಕ ಸರ್ಕಾರಕ್ಕೆ ಕೊಟ್ಟ ರೀಕಾಲ್ ವರದಿಯ ಲೆಕ್ಕ ಹೀಗಿದೆ. ಸಾಧಾರಣ ಬಳಕೆಯಲ್ಲಿ ಪ್ರತಿ ಬ್ಲಾಕ್ ದಿನಕ್ಕೆ 0.7 ಸಲ ಅಳಿಸಿ ಬರೆಯಲ್ಪಡುತ್ತದೆ. 3,000 ಮುಟ್ಟಲು 11-12 ವರ್ಷ. ಜಾಸ್ತಿ ಬಳಸುವವರ ಕಾರಿನಲ್ಲಿ ದಿನಕ್ಕೆ 1.5 ಸಲ. ಅಲ್ಲಿಗೆ 5-6 ವರ್ಷ. ನೋಡಿ, ಇದೊಂದು ಭಾಗಾಕಾರ. ಮೂರು ಸಾವಿರವನ್ನು ಒಂದೂವರೆಯಿಂದ ಭಾಗಿಸಿದರೆ ಎರಡು ಸಾವಿರ ದಿನ. ಕಾರು ಕಾರ್ಖಾನೆಯಿಂದ ಹೊರಡುವ ಮುಂಚೆಯೇ ಮಾಡಬಹುದಾಗಿದ್ದ ಲೆಕ್ಕ.

ನಾಲ್ಕು ವರ್ಷ ಅಥವಾ 50,000 ಮೈಲಿಯ ವಾರಂಟಿ ಮುಗಿದ ಮೇಲೆ ಸ್ಕ್ರೀನ್ ಸತ್ತವರು ಇಡೀ ಕಂಪ್ಯೂಟರ್ ಬದಲಾಯಿಸಲು ಸಾವಿರಾರು ಡಾಲರ್ ತೆತ್ತರು. ಸತ್ತದ್ದು ಒಂದು ಚಿಪ್. ಬಿಲ್ ಬಂದದ್ದು ಇಡೀ ಬೋರ್ಡಿಗೆ. 2019ರ ಹೊತ್ತಿಗೆ ಹೊರಗಿನ ರಿಪೇರಿಯವರು ಬೋರ್ಡು ಬಿಚ್ಚಿ, ಚಿಪ್ಪನ್ನು ಕಿತ್ತು ಓದಿ, ಲಾಗ್‌ಗಳೇ ಕಾರಣ ಎಂದು ಬಹಿರಂಗವಾಗಿ ಹೇಳಿದರು. ಕಂಪನಿ ಅಪ್‌ಡೇಟ್ ಮೂಲಕ ಲಾಗ್ ಬರೆಯುವುದನ್ನು ತಗ್ಗಿಸಿತು. ಒಳ್ಳೆಯದೇ. ಆದರೆ ಆಗಲೇ ಸವೆದ ಪದರವನ್ನು ಯಾವ ಅಪ್‌ಡೇಟೂ ವಾಪಸ್ ತರುವುದಿಲ್ಲ.

ಅಲ್ಲಿ ನಿಮ್ಮ ಸ್ಥಾನದಲ್ಲಿರುವುದು ಎನ್‌ಎಚ್‌ಟಿಎಸ್‌ಎ, ಅವರ ಹೆದ್ದಾರಿ ಸುರಕ್ಷತಾ ಸಂಸ್ಥೆ. 2020ರ ಜೂನ್‌ನಲ್ಲಿ ಅದು ತನಿಖೆ ಶುರು ಮಾಡಿತು. ಮೊದಲಿಗೆ ಸುಮಾರು 63,000 ಕಾರುಗಳ ಮೇಲೆ. ನವೆಂಬರ್‌ಗೆ ಅದನ್ನು ಸುಮಾರು 1,59,000 ಕಾರುಗಳಿಗೆ ವಿಸ್ತರಿಸಿತು. ಟೆಸ್ಲಾದಿಂದ ತರಿಸಿಕೊಂಡ ದಾಖಲೆಗಳಲ್ಲಿ ಕಂಪ್ಯೂಟರ್ ಬದಲಾವಣೆಗೆ ವಾರಂಟಿಯಡಿ 7,777 ಮತ್ತು ವಾರಂಟಿ ಹೊರಗೆ 4,746 ಕ್ಲೇಮುಗಳಿದ್ದವು. ಕೆಲವು ತಿಂಗಳುಗಳಲ್ಲಿ ತಯಾರಾದ ಕಾರುಗಳಲ್ಲಿ ಕೆಟ್ಟ ಪ್ರಮಾಣ ನೂರಕ್ಕೆ 30 ದಾಟಿತ್ತು. ಮೂರು ನಾಲ್ಕು ವರ್ಷ ಓಡಿದ ಮೇಲೆ ಕೆಡುವ ವೇಗ ಏರುತ್ತಾ ಹೋಗುವುದೂ ಕಂಡಿತು. ಎಲ್ಲ ಚಿಪ್‌ಗಳೂ ಇವತ್ತಲ್ಲ ನಾಳೆ ಕೆಟ್ಟೇ ಕೆಡುತ್ತವೆ ಎನ್ನುವುದನ್ನು ಕಂಪನಿಯೂ ಒಪ್ಪಿತು. 2021ರ ಜನವರಿ 13ರಂದು ಸಂಸ್ಥೆ ಟೆಸ್ಲಾಕ್ಕೆ ಪತ್ರ ಬರೆದು ರೀಕಾಲ್ ಮಾಡಿ ಎಂದಿತು. ಅಪ್‌ಡೇಟ್ ಕಳಿಸಿದ್ದೇವಲ್ಲ ಎನ್ನುವ ಉತ್ತರ ಸಾಲದು ಎಂದೂ ಬರೆಯಿತು. ಫೆಬ್ರವರಿ ಹೊತ್ತಿಗೆ ಟೆಸ್ಲಾ 1,34,951 ಕಾರುಗಳನ್ನು ರೀಕಾಲ್ ಮಾಡಿತು. 8 ಜಿಬಿ ಚಿಪ್ ಇದ್ದ ಸಣ್ಣ ಬೋರ್ಡನ್ನು ತೆಗೆದು 64 ಜಿಬಿಯದು ಹಾಕಿಕೊಟ್ಟಿತು. ಹಿಂದೆ ಕೈಯಿಂದ ದುಡ್ಡು ಹಾಕಿದವರಿಗೆ ವಾಪಸ್ ಕೊಡಲು ಒಪ್ಪಿತು.

(ಅದೇ ಜನವರಿಯಲ್ಲಿ, ಆ ಪತ್ರಕ್ಕೆ ಐದು ದಿನ ಮುಂಚೆ, ಟೆಸ್ಲಾದ ಭಾರತೀಯ ಕಂಪನಿ ನೋಂದಣಿಯಾದದ್ದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿ ಎಲ್ಲರೂ ಸಂಭ್ರಮಪಟ್ಟೆವು. ಅಲ್ಲಿಯ ಸುದ್ದಿ ಇಲ್ಲಿ ಯಾರ ಕಿವಿಗೂ ಬೀಳಲಿಲ್ಲ.)

ರೀಕಾಲ್ ಒಪ್ಪುವಾಗಲೂ ಟೆಸ್ಲಾ ಒಂದು ವಾದ ಮುಂದಿಟ್ಟಿತ್ತು. ಇಂಥ ಭಾಗ ಕಾರಿನ ಪೂರ್ತಿ ಆಯುಸ್ಸಿಗೆ ಬಾಳಬೇಕು ಎಂದು ನಿರೀಕ್ಷಿಸುವುದು ತಾಂತ್ರಿಕವಾಗಿ ಅಲ್ಲದಿದ್ದರೂ ಆರ್ಥಿಕವಾಗಿ ಆಗದ ಮಾತು ಎಂದು. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸವೆಯುವ ಭಾಗಗಳು ಪ್ರತಿ ಗಾಡಿಯಲ್ಲೂ ಇವೆ. ಟೈರ್ ಸವೆಯುತ್ತದೆ, ಯಾರೂ ಅದನ್ನು ದೋಷ ಎನ್ನುವುದಿಲ್ಲ. ಆದರೆ ಟೈರಿನಲ್ಲಿ ಸವೆತ ತೋರಿಸುವ ಗುರುತನ್ನು ಅಚ್ಚುಹಾಕಿಯೇ ಕಳಿಸುತ್ತಾರೆ. ಕಾರಿನ ಟೈರಿನ ತೋಡು 1.6 ಮಿಲಿಮೀಟರಿಗಿಂತ ಕಡಿಮೆ ಆಗಬಾರದು ಎಂದು ನಿಮ್ಮದೇ ನಿಯಮ ಹೇಳುತ್ತದೆ. ಬೀದಿ ಬದಿಯ ಪಂಕ್ಚರ್ ಅಂಗಡಿಯವನು ಬೆರಳಾಡಿಸಿ ಎಷ್ಟು ಉಳಿದಿದೆ ಎನ್ನಬಲ್ಲ. ಸವೆಯುವ ಭಾಗ ಎಂದು ಒಪ್ಪಿಕೊಂಡ ಮೇಲೆ, ಸವೆತ ಕಾಣಬೇಕು, ಬದಲಾಯಿಸಲು ಸುಲಭವಿರಬೇಕು. ಬೋರ್ಡಿಗೆ ಬೆಸೆದು, ಲೆಕ್ಕ ಮುಚ್ಚಿಟ್ಟು, ಸತ್ತ ದಿನ ಮಾತ್ರ "ಇದು ಸವೆಯುವ ಭಾಗ ಸಾರ್" ಎಂದರೆ ಹೇಗೆ?

ಈ ಲೆಕ್ಕ ತೋರಿಸಲು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 2013ರಲ್ಲಿ ಬಂದ ಇಎಂಎಂಸಿ 5.0 ಮಾನದಂಡದಿಂದಲೇ ಚಿಪ್ ತನ್ನ ಸವೆತವನ್ನು ತಾನೇ ಹೇಳುತ್ತದೆ. ಚಿಪ್ಪಿನೊಳಗಿನ ಒಂದು ರಿಜಿಸ್ಟರ್ (ಲೆಕ್ಕ ಇಟ್ಟಿರುವ ಖಾನೆ) ಓದಿದರೆ ಆಯುಸ್ಸಿನಲ್ಲಿ ಎಷ್ಟು ಖರ್ಚಾಗಿದೆ ಎಂದು ಹತ್ತು ಹತ್ತು ಶೇಕಡಾ ಮೆಟ್ಟಿಲಲ್ಲಿ ಸಿಗುತ್ತದೆ. ಮೀಸಲು ಬ್ಲಾಕುಗಳು ಮುಗಿಯುತ್ತಾ ಬಂದರೆ ಮೊದಲು ಎಚ್ಚರಿಕೆ, ಆಮೇಲೆ ತುರ್ತು ಎನ್ನುವ ಸ್ಥಿತಿಯನ್ನೂ ಅದೇ ಹೇಳುತ್ತದೆ. ಇಎಂಎಂಸಿಯ ಜಾಗಕ್ಕೆ ಈಚೆಗೆ ಬರುತ್ತಿರುವ ಯುಎಫ್‌ಎಸ್ ಮೆಮೊರಿ ಚಿಪ್‌ಗಳಲ್ಲೂ ಇದೇ ಸೌಲಭ್ಯವಿದೆ. ಅದನ್ನು ಓದಿ ಸ್ಕ್ರೀನ್ ಮೇಲೆ ತೋರಿಸುವುದು ಒಬ್ಬ ಪ್ರೋಗ್ರಾಮರ್‌ಗೆ ಒಂದು ಮಧ್ಯಾಹ್ನದ ಕೆಲಸ. ಬ್ಯಾಟರಿಯ ಆರೋಗ್ಯ ಎಷ್ಟಿದೆ ಎಂದು ಕೇಳುವ ಗಿರಾಕಿ, ಈ ಅಂಕಿಯನ್ನೂ ಕೇಳಬಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನಿಗಂತೂ ಇದು ಗೊತ್ತಾಗಲೇಬೇಕು.

ಈಗ ನಮ್ಮ ಕಾನೂನಿಗೆ ಬರುತ್ತೇನೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಎನ್ನುವ ಕಲಂ ತಂದಿತು. ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಸುವ ಅಧಿಕಾರ ನಿಮಗೆ ಬಂತು. ಚಾಲಕನಿಗೆ, ಒಳಗೆ ಕೂತವರಿಗೆ, ರಸ್ತೆಯಲ್ಲಿರುವ ಬೇರೆಯವರಿಗೆ ಅಥವಾ ಪರಿಸರಕ್ಕೆ ಹಾನಿ ಮಾಡಬಹುದಾದ ದೋಷ ಇರಬೇಕು. ಆದೇಶ ಪಾಲಿಸದಿದ್ದರೆ ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ದಂಡ. ಒಳ್ಳೆಯ ಕಾನೂನು. ಆದರೆ ನಿಯಮ ಬರೆಯುವಾಗ ಏಳು ವರ್ಷದ ಬೇಲಿ ಹಾಕಿದಿರಿ.

ಆ ಬೇಲಿಯನ್ನು ಟೆಸ್ಲಾ ಪ್ರಕರಣದ ಮೇಲಿಟ್ಟು ನೋಡಿ. ರೀಕಾಲ್ ಆದದ್ದು 2021ರ ಆರಂಭದಲ್ಲಿ. ನಮ್ಮ ನಿಯಮ ಅಲ್ಲಿದ್ದಿದ್ದರೆ 2012 ಮತ್ತು 2013ರಲ್ಲಿ ತಯಾರಾದ ಕಾರುಗಳು ಹೊರಗೆ ಬೀಳುತ್ತಿದ್ದವು. ಅಂದರೆ ಅತಿ ಹೆಚ್ಚು ಸವೆದ, ಮೊದಲು ದುಡ್ಡು ಕೊಟ್ಟು ನಂಬಿದ ಮಾಲೀಕರ ಕಾರುಗಳೇ ಹೊರಗೆ. ತನಿಖೆ, ಉತ್ತರ, ಮತ್ತೆ ತನಿಖೆ ಎಂದು ತಿಂಗಳು ಕಳೆದಷ್ಟೂ ಇನ್ನಷ್ಟು ಕಾರುಗಳು ಬೇಲಿ ದಾಟಿಹೋಗುತ್ತವೆ. ಕಾಲ ತಳ್ಳಿದಷ್ಟೂ ಕಂಪನಿಗೆ ಲಾಭ. ಸಾಧಾರಣವಾಗಿ ಓಡಿಸಿ, 11 ವರ್ಷಕ್ಕೆ ಚಿಪ್ ಕಳೆದುಕೊಳ್ಳುವ ಮಾಲೀಕನಿಗೆ ಇಲ್ಲಿ ಬಾಗಿಲೇ ಇಲ್ಲ.

ನಮ್ಮಲ್ಲಿ ಜನ ಸ್ವಂತಕ್ಕೆ ಎಲೆಕ್ಟ್ರಿಕ್ ಕಾರು ಕೊಳ್ಳಲು ಧೈರ್ಯ ಮಾಡಿದ್ದು 2020ರ ಆಸುಪಾಸಿನಲ್ಲಿ. ಕರ್ನಾಟಕ 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ದೇಶದ ಮೊದಲ ರಾಜ್ಯ. ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲೇ ಬೆಂಗಳೂರಿನ ರಸ್ತೆಗಿಳಿದಿತ್ತು. ಅದರಲ್ಲಿ ಕೆಡಲು ಟಚ್‌ಸ್ಕ್ರೀನೇ ಇರಲಿಲ್ಲ, ಆ ಮಾತು ಬೇರೆ. 2020ರ ಕಾರುಗಳಿಗೆ 2027ರಲ್ಲಿ ಏಳು ತುಂಬುತ್ತದೆ. ಆರ್‌ಸಿ ಕೊಡುವಾಗ 15 ವರ್ಷಕ್ಕೆ ಕೊಡುತ್ತೀರಿ. ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಎಂಟು ವರ್ಷ ವಾರಂಟಿ ಕೊಡುತ್ತವೆ. ಸ್ಕ್ರೀನು, ಬೋರ್ಡುಗಳ ವಾರಂಟಿ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಬ್ಯಾಟರಿ ಗಟ್ಟಿಯಾಗಿದ್ದು, ಮೋಟಾರ್ ಗಟ್ಟಿಯಾಗಿದ್ದು, ಒಂದು ಚಿಪ್‌ಗಾಗಿ ಕಾರು ಮೂಲೆ ಸೇರಬೇಕಾ?

"ಸ್ಕ್ರೀನ್ ಹೋದರೆ ಹಾಡು ಬರಲ್ಲ ಅಷ್ಟೇ ತಾನೆ" ಎನ್ನುವವರು ನಿಮ್ಮ ಕಚೇರಿಯಲ್ಲೂ ಇದ್ದಾರು. ಟೆಸ್ಲಾದಲ್ಲಿ ಚಿಪ್ ಸತ್ತಾಗ ಹಿಂಬದಿಯ ಕ್ಯಾಮೆರಾ ಹೋಗುತ್ತಿತ್ತು. ಗಾಜಿನ ಮಂಜು ಬಿಡಿಸುವ ವ್ಯವಸ್ಥೆಯ ಹಿಡಿತ ತಪ್ಪುತ್ತಿತ್ತು. ತಿರುವಿನ ಇಂಡಿಕೇಟರ್‌ಗೂ, ಚಾಲಕನನ್ನು ಎಚ್ಚರಿಸುವ ಸದ್ದುಗಳಿಗೂ ತೊಂದರೆ ಆಗುತ್ತಿತ್ತು. ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಮುಂದಿನ ಗಾಜು ಮಬ್ಬಾದರೆ, ಅದನ್ನು ತಿಳಿ ಮಾಡುವ ಗುಂಡಿ ಸತ್ತ ಸ್ಕ್ರೀನಿನೊಳಗೆ ಇದ್ದರೆ ಏನು ಗತಿ ಎಂದು ಯಾರಾದರೂ ಡ್ರೈವರ್‌ನನ್ನು ಕೇಳಿ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಗಮನಿಸಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಪ್ರತಿ ಹೊಸ ಕಾರಿಗೂ ಹಿಂಬದಿಯ ಕ್ಯಾಮೆರಾ ಕಡ್ಡಾಯ. ಕ್ಯಾಮೆರಾ ಹೋಯಿತು ಎಂದರೆ ಅಲ್ಲಿ ಸುರಕ್ಷತೆಯ ಪ್ರಶ್ನೆ ಎಂದು ವಾದಿಸುವುದು ಸುಲಭ. ನಮ್ಮಲ್ಲಿ 2019ರ ಜುಲೈನಿಂದ ಕಡ್ಡಾಯವಾಗಿರುವುದು ರಿವರ್ಸ್ ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ ಅಲ್ಲ. ಹಾಗಾಗಿ ಇಲ್ಲಿಯ ಕಂಪನಿ "ಕ್ಯಾಮೆರಾ ನಾವು ಹೆಚ್ಚುವರಿ ಕೊಟ್ಟದ್ದು, ಅದು ಹೋದರೆ ಸುರಕ್ಷತಾ ದೋಷ ಅಲ್ಲ" ಎನ್ನಬಹುದು. ಆದರೆ ಐದು ವರ್ಷ ಕ್ಯಾಮೆರಾ ನೋಡಿಕೊಂಡೇ ಹಿಂದೆ ತೆಗೆದು ಅಭ್ಯಾಸವಾದವನಿಗೆ ಒಂದು ದಿನ ಕಪ್ಪು ಸ್ಕ್ರೀನ್ ಕಂಡರೆ ಏನಾಗುತ್ತದೆ ಎನ್ನುವುದಕ್ಕೆ ಕಡ್ಡಾಯ, ಹೆಚ್ಚುವರಿ ಎನ್ನುವ ಭೇದವಿಲ್ಲ. ಗಾಡಿಯಲ್ಲಿ ಕೊಟ್ಟ ಮೇಲೆ ಅದು ಕೆಲಸ ಮಾಡಬೇಕು. ಇದನ್ನು ನಿಯಮದಲ್ಲೇ ಬರೆಯಿರಿ.

ನಮ್ಮ ಬಿಸಿಲಿನ ಮಾತೂ ಇದೆ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳು 42-43 ಡಿಗ್ರಿ ಹೊಸದಲ್ಲ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಬಿಸಿ ಏರಿದಷ್ಟೂ ಫ್ಲ್ಯಾಶ್ ಕೋಶದಿಂದ ಎಲೆಕ್ಟ್ರಾನ್ ಸೋರುವುದು ಜಾಸ್ತಿ, ಸವೆದ ಕೋಶದಲ್ಲಂತೂ ಇನ್ನೂ ಜಾಸ್ತಿ. ವಾಹನಕ್ಕೆಂದೇ ತಯಾರಾಗುವ ಚಿಪ್‌ಗಳಿಗೆ ಎಇಸಿ-ಕ್ಯೂ100 ಎನ್ನುವ ದರ್ಜೆಗಳಿವೆ. ಗ್ರೇಡ್ 3 ಎಂದರೆ 85 ಡಿಗ್ರಿವರೆಗೆ, ಗ್ರೇಡ್ 2 ಎಂದರೆ 105ರವರೆಗೆ. ಕಾರಿನಲ್ಲಿ ಯಾವ ದರ್ಜೆಯ ಚಿಪ್ ಹಾಕಿದ್ದಾರೆ ಎನ್ನುವುದು ಬ್ರೋಷರಿನಲ್ಲಿ ಇರುವುದಿಲ್ಲ. ಆಂಬಿಯೆಂಟ್ ಲೈಟ್ ಎಷ್ಟು ಬಣ್ಣ ಬದಲಾಯಿಸುತ್ತದೆ ಎನ್ನುವುದು ಮಾತ್ರ ಇರುತ್ತದೆ.

ಒಂದು ಅಪಾರ್ಥ ಬೇಡ. ಲಾಗ್ ಬರೆಯುವುದನ್ನೇ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. 2022ರಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದಾಗ ನೀವು ತಜ್ಞರ ಸಮಿತಿ ಮಾಡಿದಿರಿ, ಬ್ಯಾಟರಿಯ ಎಐಎಸ್-156 ಮಾನದಂಡವನ್ನು ಬಿಗಿ ಮಾಡಿದಿರಿ. ಬ್ಯಾಟರಿಯ ಉಷ್ಣತೆ, ವೋಲ್ಟೇಜಿನ ದಾಖಲೆ ಇಲ್ಲದೆ ಅಂಥ ಘಟನೆಗಳ ಕಾರಣ ಹುಡುಕುವುದು ಕಷ್ಟ. ಅಂಥ ಲಾಗ್ ಬೇಕು. ಆದರೆ ಅದನ್ನು ಬರೆಯುವ ಕ್ರಮ ಇದೆ. ಮಾಮೂಲಿ ಲಾಗನ್ನು ಸವೆಯದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ, ಹಳೆಯದರ ಮೇಲೆ ಹೊಸದು ಬರುವ ಸುತ್ತು ಬಫರ್ ಮಾಡಿ ಇಟ್ಟು, ಏನಾದರೂ ತಪ್ಪಿದಾಗ ಮಾತ್ರ ಫ್ಲ್ಯಾಶ್‌ಗೆ ಇಳಿಸಬಹುದು. ಸಣ್ಣ ಸಣ್ಣ ಸಾಲುಗಳನ್ನು ಒಟ್ಟು ಮಾಡಿ ಒಂದೇ ಸಲ ಬರೆಯಬಹುದು. ಲಾಗ್‌ಗೆಂದೇ ಬೇರೆ, ಬಿಚ್ಚಿ ಹಾಕಬಹುದಾದ ಕಾರ್ಡ್ ಕೊಡಬಹುದು. ಅದು ಸತ್ತರೂ ಕಾರಿನ ಸ್ಕ್ರೀನ್ ಬದುಕಿರುತ್ತದೆ.

ಇಲ್ಲಿ ಕಂಪನಿಗಳು ಒಂದು ಉತ್ತರ ಕೊಡುತ್ತವೆ: "ಲಾಗ್‌ಗೆ ಬೇರೆ ಪಾರ್ಟಿಷನ್ ಮಾಡಿದ್ದೇವೆ." ಕೇಳಲು ಚೆನ್ನಾಗಿದೆ. ನಿಮ್ಮ ಪರೀಕ್ಷಕರು ಇದಕ್ಕೆ ತಲೆದೂಗಬಾರದು. ಪಾರ್ಟಿಷನ್ ಎನ್ನುವುದು ಸಾಫ್ಟ್‌ವೇರ್ ಚಿಪ್ಪಿನ ಜಾಗವನ್ನು ಭಾಗ ಮಾಡಲು ಮೇಲೆ ಎಳೆದ ಗೆರೆ ಮಾತ್ರ. ಒಳಗೆ ಚಿಪ್ಪಿನ ಕಂಟ್ರೋಲರ್ ಸವೆತವನ್ನು ಎಲ್ಲ ಬ್ಲಾಕುಗಳಿಗೂ ಹಂಚುತ್ತದೆ. ಲಾಗ್ ಪಾರ್ಟಿಷನ್‌ನಲ್ಲಿ ಬರೆದದ್ದು ಆಪರೇಟಿಂಗ್ ಸಿಸ್ಟಂ ಇರುವ ಬ್ಲಾಕನ್ನೂ ಸವೆಸಬಹುದು. ಹೆಚ್ಚು ಬಾಳುವ ಬೇರೆ ಪ್ರದೇಶವನ್ನು ಚಿಪ್ಪಿನೊಳಗೇ ನಿಗದಿ ಮಾಡಿಕೊಳ್ಳುವ ಸೌಲಭ್ಯ ಇಎಂಎಂಸಿಯಲ್ಲೇ ಇದೆ. ಅದನ್ನು ಬಳಸಿದ್ದೀರಾ ಎಂದು ಕೇಳಿ. ದೊಡ್ಡ ಚಿಪ್ ಹಾಕಿದ್ದೇವೆ ಎನ್ನುವುದೂ ಅರ್ಧ ಉತ್ತರವೇ. ದೊಡ್ಡ ಚಿಪ್‌ಗಳಲ್ಲಿ ಒಂದೇ ಕೋಶದಲ್ಲಿ ಹೆಚ್ಚು ಬಿಟ್ ತುರುಕಿರುತ್ತಾರೆ. ಹಾಗೆ ತುರುಕಿದಷ್ಟೂ ಪ್ರತಿ ಕೋಶ ತಾಳಿಕೊಳ್ಳುವ ಸಲಗಳ ಸಂಖ್ಯೆ ಇಳಿಯುತ್ತದೆ.

ಗುಣಮಟ್ಟದ ಅನುಮೋದನೆ ಕೊಡುವಾಗ ವಾಹನಗಳನ್ನು ಪರೀಕ್ಷಿಸುವ ಪುಣೆಯ ಸಂಸ್ಥೆ ಎಆರ್‌ಎಐನವರು ಕೇಳಬೇಕಾದದ್ದು ಮೂರು ಅಂಕಿ: ಚಿಪ್ ಎಷ್ಟು ಸಲ ತಾಳುತ್ತದೆ, ಕಾರು ದಿನಕ್ಕೆ ನಿಜವಾಗಿ ಎಷ್ಟು ಬರೆಯುತ್ತದೆ, ಜಾಸ್ತಿ ಓಡಿಸುವವನ ಕಾರಿನಲ್ಲಿ ಅದು ಎಷ್ಟು ವರ್ಷ ಬರುತ್ತದೆ. ಟ್ಯಾಕ್ಸಿ ಓಡಿಸುವವನನ್ನು ಲೆಕ್ಕಕ್ಕೆ ಹಿಡಿಯಿರಿ. ವಿಮಾನ ನಿಲ್ದಾಣದ ದಾರಿಯಲ್ಲಿ ಹಗಲೂ ರಾತ್ರಿ ಓಡುವ ಎಲೆಕ್ಟ್ರಿಕ್ ಕ್ಯಾಬ್‌ನ ಕಂಪ್ಯೂಟರ್ ಮಲಗುವುದೇ ಇಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಬಗ್ಗೆ ಎಐಎಸ್-190 ಎನ್ನುವ ಮಾನದಂಡವನ್ನು ಸಿದ್ಧಪಡಿಸಿದ್ದೀರಿ. ಅಪ್‌ಡೇಟ್ ಆದ ಮೇಲೆ ದಿನದ ಬರವಣಿಗೆ ಏರಿತೇ ಎಂದು ಕಂಪನಿ ಅಳೆದು ದಾಖಲಿಸಬೇಕು ಎನ್ನುವ ಒಂದು ಸಾಲನ್ನು ಅದಕ್ಕೆ ಸೇರಿಸಬಹುದು. ಇಂಟರ್ನೆಟ್ ಮೂಲಕ ತಾನಾಗಿ ಬರುವ ಒಂದು ಅಪ್‌ಡೇಟ್ ಚಿಪ್ಪಿನ ಆಯುಸ್ಸನ್ನು ಅರ್ಧ ಮಾಡಿಬಿಡಬಹುದು, ಮಾಲೀಕನಿಗೆ ಅದರ ಸುಳಿವೂ ಸಿಗುವುದಿಲ್ಲ.

ರಿಪೇರಿಯ ಕಡೆ ಬರುತ್ತೇನೆ. ನಮ್ಮ ಬಡಾವಣೆಯ ಒಬ್ಬರ ಎಲೆಕ್ಟ್ರಿಕ್ ಕಾರಿನ ಸ್ಕ್ರೀನು ಪದೇ ಪದೇ ತಾನಾಗಿ ಆಫ್ ಆಗಿ ಆನ್ ಆಗುತ್ತಿತ್ತು. ಯಾವ ಕಂಪನಿ ಎನ್ನುವುದು ಇಲ್ಲಿ ಮುಖ್ಯವಲ್ಲ. ಸರ್ವಿಸ್ ಸೆಂಟರಿನಲ್ಲಿ ಕಾರಣ ಹೇಳಲಿಲ್ಲ, ಪೂರ್ತಿ ಯೂನಿಟ್ ಬದಲಾಯಿಸಬೇಕು ಎಂದು ಎಸ್ಟಿಮೇಟ್ ಕೊಟ್ಟರು. ಚಿಪ್ ಸವೆದಿದೆಯೋ, ಬೇರೇನಾದರೂ ಆಗಿದೆಯೋ ನೋಡಲು ಅವರ ಹತ್ತಿರ ಸಾಧನವೇ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಮೊಬೈಲಿನ ಇಎಂಎಂಸಿ ಕಿತ್ತು ಹೊಸದು ಕೂರಿಸುವ ಹುಡುಗರು ಸಿಗುತ್ತಾರೆ. ಕೈಚಳಕ ನಮ್ಮಲ್ಲಿದೆ. ಕಂಪನಿಯ ಬೀಗ ತೆಗೆದಿಲ್ಲ, ಅಷ್ಟೇ. ಚಿಪ್ಪಿನಲ್ಲಿ ಆ ಕಾರಿಗಷ್ಟೇ ಸೇರಿದ ಕೀಲಿಗಳು, ಸರ್ಟಿಫಿಕೇಟ್‌ಗಳು ಇರುತ್ತವೆ. ಚಿಪ್ ಪೂರ್ತಿ ಸತ್ತರೆ ಅವೂ ಹೋಗುತ್ತವೆ. ಆಮೇಲೆ ಹೊರಗಿನವನು ಹೊಸ ಚಿಪ್ ಹಾಕಿದರೂ ಕಾರು ಒಪ್ಪುವುದಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತ್ತು. ಆ ಇಲಾಖೆಯ ಜೊತೆ ಕೂತು ಈ ಕೀಲಿಗಳ ವಿಷಯ ಇತ್ಯರ್ಥ ಮಾಡಿ.

ಬದಲಾಯಿಸಿದ ಹಳೆಯ ಬೋರ್ಡು ಎಲ್ಲಿಗೆ ಹೋಗುತ್ತದೆ? 2020ರಲ್ಲಿ ಅಮೆರಿಕದಲ್ಲಿ ಹೀಗೆ ತೆಗೆದ ಟೆಸ್ಲಾ ಬೋರ್ಡುಗಳು ಆನ್‌ಲೈನ್ ಮಾರಾಟಕ್ಕೆ ಬಂದಿದ್ದವು. ಕೊಂಡವರು ತೆರೆದು ನೋಡಿದರೆ ಹಳೆಯ ಮಾಲೀಕರ ಮನೆ, ಕಚೇರಿಯ ಜಾಗ, ವೈಫೈ ಪಾಸ್‌ವರ್ಡ್, ಫೋನಿನ ಸಂಪರ್ಕಗಳು ಹಾಗೇ ಇದ್ದವು. ಲಾಗ್ ಬರೆದೂ ಬರೆದೂ ಸವೆದ ಚಿಪ್ ಮಾಲೀಕನ ಗುಟ್ಟನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡಿತ್ತು! ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಬದಲಾಯಿಸಿದ ಬೋರ್ಡನ್ನು ಮಾಲೀಕನ ಕೈಗೆ ಕೊಡಬೇಕು, ಇಲ್ಲವೇ ಅವನ ಕಣ್ಣೆದುರು ನಾಶ ಮಾಡಬೇಕು ಎಂದು ಸರ್ವಿಸ್ ಸೆಂಟರ್‌ಗಳಿಗೆ ಸುತ್ತೋಲೆ ಕಳಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ.

ಕೊನೆಯದಾಗಿ ಮೊದಲು ಮಾಡಬೇಕಾದ ಕೆಲಸ. ರೀಕಾಲ್ ನಿಯಮದ ಏಳು ವರ್ಷವನ್ನು ಎಲ್ಲ ದೋಷಗಳಿಗೂ ಬದಲಿಸಲು ಕಷ್ಟವಾದರೆ, ಸವೆತದಿಂದ ಬರುವ ಎಲೆಕ್ಟ್ರಾನಿಕ್ ದೋಷಗಳಿಗಾದರೂ ಅದನ್ನು ನೋಂದಣಿಯ 15 ವರ್ಷಕ್ಕೆ ಹೊಂದಿಸಿ. ಅದೂ ಕೂಡಲೇ ಆಗದಿದ್ದರೆ, ಏಳು ವರ್ಷವನ್ನು ಗಾಡಿ ತಯಾರಾದ ದಿನದಿಂದ ರೀಕಾಲ್ ಆದೇಶದ ದಿನದವರೆಗೆ ಎಣಿಸಬೇಡಿ, ಮೊದಲ ದೂರು ಬಂದ ದಿನದವರೆಗೆ ಎಣಿಸಿ. ತನಿಖೆ ಎಳೆದಾಡಿದಷ್ಟೂ ಕಂಪನಿಗೆ ಅನುಕೂಲ ಆಗುವುದು ಅಷ್ಟರಿಂದಲೇ ತಪ್ಪುತ್ತದೆ. ಈ ಬಗ್ಗೆ ಕರಡು ಅಧಿಸೂಚನೆ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದರೆ, ಲೆಕ್ಕ, ಪರೀಕ್ಷೆಯ ವಿಧಾನ, ಓದಬೇಕಾದ ರಿಜಿಸ್ಟರ್‌ಗಳ ಪಟ್ಟಿ ಎಲ್ಲವನ್ನೂ ಬರೆದು ಕಳಿಸಲು ನನ್ನಂಥವರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದೇವೆ.

ಇತಿ,
ಬೆಂಗಳೂರಿನ ಒಬ್ಬ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸಗಾರ

ಪ್ರತಿಗಳು: ಎಆರ್‌ಎಐ, ಪುಣೆ, ಗ್ರಾಹಕ ವ್ಯವಹಾರಗಳ ಇಲಾಖೆ, ನವದೆಹಲಿ, ಸಾರಿಗೆ ಇಲಾಖೆ, ಕರ್ನಾಟಕ ಸರ್ಕಾರ